ಎಸ್‌ಜಿಪಿಟಿ ಏರಿದರೆ ಲಿವರ್ ಕೆಟ್ಟಿತೆಂದೇ?

ರಕ್ತದಲ್ಲಿನ ಕಿಣ್ವಗಳ (ಎಂಜೈಮ್) ಪರೀಕ್ಷೆಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯನ್ನು ಮೀಸಲಿಟ್ಟಿದ್ದೇವೆ. ಹೆಚ್ಚಿನವು ಎಸ್‌ಜಿಪಿಟಿ, ಎಸ್‌ಜಿಒಟಿ ಕುರಿತು. ಹೊಸ ರಿಪೋರ್ಟುಗಳಲ್ಲಿ ಇವೇ ಎಎಲ್‌ಟಿ, ಎಎಸ್‌ಟಿ ಎಂಬ ಹೆಸರಿನಲ್ಲಿರುತ್ತವೆ. ಹೆಸರು ಬೇರೆ, ಕಿಣ್ವ ಒಂದೇ.

ಪ್ರಶ್ನೆ: ನನಗೆ 41 ವರ್ಷ. ಕಂಪನಿಯ ಆರೋಗ್ಯ ತಪಾಸಣೆಯಲ್ಲಿ ಎಸ್‌ಜಿಪಿಟಿ 78, ಎಸ್‌ಜಿಒಟಿ 46, ಬಿಲಿರುಬಿನ್ 0.8, ಪ್ಲೇಟ್‌ಲೆಟ್ 2.4 ಲಕ್ಷ ಬಂದಿದೆ. ಕುಡಿಯುವ ಅಭ್ಯಾಸವಿಲ್ಲ. ತೂಕ 82 ಕಿಲೋ, ಎತ್ತರ 168 ಸೆಂ.ಮೀ. ಯಾವ ತೊಂದರೆಯೂ ಇಲ್ಲ. ಪಕ್ಕದ ಮನೆಯವರು ‘ಲಿವರ್ ಹೋಗಿದೆ’ ಎಂದು ಹೆದರಿಸಿದ್ದಾರೆ. ನಿಜವೇ?
— ತುಮಕೂರಿನ ಓದುಗರು

ಉತ್ತರ: ಇಲ್ಲ. ಆದರೆ ರಿಪೋರ್ಟನ್ನು ಮಡಚಿ ಬೀರುವಿನಲ್ಲಿ ಇಟ್ಟುಬಿಡುವಂತೆಯೂ ಇಲ್ಲ.

ಎಸ್‌ಜಿಪಿಟಿ ಲಿವರಿನ ಜೀವಕೋಶದೊಳಗೆ ಕೆಲಸ ಮಾಡುವ ಕಿಣ್ವ. ರಕ್ತದಲ್ಲಿ ಅದಕ್ಕೇನೂ ಕೆಲಸವಿಲ್ಲ. ಕೋಶದೊಳಗೆ ಅದರ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಹಾಗಾಗಿ ಕೆಲವೇ ಕೋಶಗಳ ಪೊರೆ ಹಾಳಾಗಿ ಕಿಣ್ವ ಸೋರಿದರೂ ರಕ್ತದ ಅಂಕಿ ಏರುತ್ತದೆ. ಅಂದರೆ ಈ ಪರೀಕ್ಷೆ ಹೇಳುವುದು ಸೋರಿಕೆಯ ಸುದ್ದಿಯನ್ನು. ಲಿವರ್ ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಿದೆ ಎಂಬುದನ್ನು ಇದು ಹೇಳುವುದಿಲ್ಲ. ‘ಲಿವರ್ ಫಂಕ್ಷನ್ ಟೆಸ್ಟ್’ ಎಂಬ ಹೆಸರಿನಿಂದಲೇ ಅರ್ಧ ಗೊಂದಲ ಹುಟ್ಟಿದೆ. ಆ ಪಟ್ಟಿಯಲ್ಲಿ ಲಿವರಿನ ಕಸುವನ್ನು ತೋರಿಸುವುದು ಲಿವರ್ ತಯಾರಿಸುವ ಪ್ರೋಟೀನಾದ ಆಲ್ಬುಮಿನ್, ಕಾಮಾಲೆಯಲ್ಲಿ ಏರುವ ಹಳದಿ ವಸ್ತು ಬಿಲಿರುಬಿನ್, ಜೊತೆಗೆ ಬೇರೆಯಾಗಿ ಮಾಡಿಸಬೇಕಾದ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಪಿಟಿ-ಐಎನ್‌ಆರ್. ಕಿಣ್ವಗಳಲ್ಲ.

‘ಹೈ’ ಎಂಬ ಗುರುತಿನ ಬಗ್ಗೆಯೂ ಒಂದು ಮಾತು. ನಾರ್ಮಲ್ ರೇಂಜ್ ಎಂಬುದನ್ನು ಆರೋಗ್ಯವಂತರಲ್ಲಿ ಶೇ 95ರಷ್ಟು ಮಂದಿ ಒಳಗೆ ಬರುವಂತೆ ಗೊತ್ತುಮಾಡುತ್ತಾರೆ. ಉಳಿದ ಶೇ 5 ಮಂದಿ ಆರೋಗ್ಯವಾಗಿದ್ದೂ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳ ಪ್ಯಾಕೇಜ್ ಮಾಡಿಸಿದರೆ, ಲೆಕ್ಕದ ಪ್ರಕಾರ ಮೂವರು ಆರೋಗ್ಯವಂತರಲ್ಲಿ ಇಬ್ಬರ ರಿಪೋರ್ಟಿನಲ್ಲಿ ಎಲ್ಲಾದರೂ ಒಂದು ಗುರುತು ಬಿದ್ದೇ ಬೀಳುತ್ತದೆ. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಅನೇಕ ಲ್ಯಾಬ್‌ಗಳು 40 ಅಥವಾ 45ರವರೆಗೆ ನಾರ್ಮಲ್ ಎಂದು ಮುದ್ರಿಸುತ್ತವೆ. ಅಮೆರಿಕದ ಜಠರ-ಕರುಳು ತಜ್ಞರ ಸಂಘ 2017ರಲ್ಲಿ ಹೇಳಿದಂತೆ, ಲಿವರ್ ತೊಂದರೆ ಇಲ್ಲದ ಗಂಡಸರಲ್ಲಿ ಎಸ್‌ಜಿಪಿಟಿಯ ಮೇಲ್ಮಿತಿ 29ರಿಂದ 33, ಹೆಂಗಸರಲ್ಲಿ 19ರಿಂದ 25. ಆ ಅಳತೆಯಲ್ಲಿ ನಿಮ್ಮ 78 ಮಿತಿಯ ಎರಡು ಪಟ್ಟಿಗಿಂತ ಹೆಚ್ಚು.

ಕುಡಿತವಿಲ್ಲ, ಎಸ್‌ಜಿಒಟಿಗಿಂತ ಎಸ್‌ಜಿಪಿಟಿ ಹೆಚ್ಚು, ಬಿಎಂಐ 29. ಇಷ್ಟು ಸೇರಿದಾಗ ಮೊದಲು ನೆನಪಾಗುವುದು ಫ್ಯಾಟಿ ಲಿವರ್. ಹಾಗೆಂದು ಊಹೆಯಲ್ಲೇ ನಿಲ್ಲಬೇಡಿ. ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ರಕ್ತ ಕೊಡಿ. ಆಗಲೂ ಹೆಚ್ಚಿದ್ದರೆ ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ, ಹೆಪಟೈಟಿಸ್ ಸಿಗೆ ಆಂಟಿ-ಎಚ್‌ಸಿವಿ, ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ, ಕೊಲೆಸ್ಟರಾಲ್, ಥೈರಾಯ್ಡ್, ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕು. ಎರಡು ಹೆಪಟೈಟಿಸ್ ಪರೀಕ್ಷೆಗಳನ್ನು ಯಾವ ಕಾರಣಕ್ಕೂ ಬಿಡಬೇಡಿ. ಈ ಸೋಂಕುಗಳು ವರ್ಷಗಟ್ಟಲೆ ಸದ್ದಿಲ್ಲದೆ ಕೂರುತ್ತವೆ. ಸಿ ಸೋಂಕು ಬಹುಪಾಲು ಜನರಲ್ಲಿ 12 ವಾರದ ಮಾತ್ರೆಯಲ್ಲಿ ಗುಣವಾಗುತ್ತದೆ, 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಆ ಮಾತ್ರೆ ಉಚಿತ. ಸ್ಕ್ಯಾನಿಂಗ್ ‘ನಾರ್ಮಲ್’ ಎಂದರೂ ಕೊಬ್ಬಿಲ್ಲ ಎಂದು ತೀರ್ಮಾನಿಸಬೇಡಿ. ಲಿವರಿನಲ್ಲಿ ಕೊಬ್ಬು ಶೇ 20-30 ದಾಟದೆ ಸ್ಕ್ಯಾನಿಂಗಿನಲ್ಲಿ ಖಚಿತವಾಗಿ ಕಾಣುವುದಿಲ್ಲ.

ಕೊಬ್ಬಿಗಿಂತ ಮುಖ್ಯವಾದ ಪ್ರಶ್ನೆ, ಲಿವರಿನಲ್ಲಿ ನಾರು ಬೆಳೆದು ಅದು ಗಟ್ಟಿಯಾಗುತ್ತಿದೆಯೇ ಎಂಬುದು. ಅದಕ್ಕೆ ಫಿಬ್-4 ಎಂಬ ಸರಳ ಲೆಕ್ಕವಿದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಎಸ್‌ಜಿಪಿಟಿಯ ವರ್ಗಮೂಲವನ್ನು ಪ್ಲೇಟ್‌ಲೆಟ್ ಸಂಖ್ಯೆಯಿಂದ ಗುಣಿಸಿ; 2.4 ಲಕ್ಷವನ್ನು ಇಲ್ಲಿ 240 ಎಂದು ಬರೆಯಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನಿಮ್ಮದು: 41 × 46 = 1886; 78ರ ವರ್ಗಮೂಲ 8.83, ಅದನ್ನು 240ರಿಂದ ಗುಣಿಸಿದರೆ 2119, ಉತ್ತರ 0.89. 1.3ಕ್ಕಿಂತ ಕಡಿಮೆ ಇದ್ದರೆ ಗಂಭೀರವಾದ ನಾರು ಕಟ್ಟಿರುವ ಸಂಭವ ಕಡಿಮೆ. 2.67 ದಾಟಿದರೆ ಲಿವರ್ ತಜ್ಞರನ್ನು ಕಾಣಬೇಕು. ನಡುವೆ ಬಂದರೆ ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್. 65 ದಾಟಿದವರಿಗೆ ಕೆಳಮಿತಿ 1.3ರ ಬದಲು 2. ಜ್ವರ, ಕಾಮಾಲೆ ಇರುವಾಗಿನ ರಿಪೋರ್ಟಿನಲ್ಲಿ ಈ ಲೆಕ್ಕ ಹಾಕಬಾರದು. 35ರೊಳಗಿನವರಲ್ಲೂ ಇದನ್ನು ನಂಬುವಂತಿಲ್ಲ.

ಫ್ಯಾಟಿ ಲಿವರ್ ಎಂದು ಖಚಿತವಾದರೆ ನೀವು ಇಳಿಸಬೇಕಾದ್ದು 6ರಿಂದ 8 ಕಿಲೋ, ವಾರಕ್ಕೆ ಅರ್ಧ ಕಿಲೋದಂತೆ. ಉಪವಾಸ ಬಿದ್ದು ತಿಂಗಳಲ್ಲೇ ಇಳಿಸಲು ಹೋದರೆ ಕಿಣ್ವ ಇನ್ನೂ ಏರಬಹುದು.

ಪ್ರಶ್ನೆ: ನಾನು ಡಿಎಂಎಲ್‌ಟಿ (ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ) ವಿದ್ಯಾರ್ಥಿನಿ. ಸೆಮಿ ಆಟೋ ಅನಲೈಸರಿನಲ್ಲಿ ಎಸ್‌ಜಿಪಿಟಿ ಮಾಡುವಾಗ ಫ್ಯಾಕ್ಟರ್ 1768 ಎಂದು ಹಾಕುತ್ತೇವೆ. ಎಲ್ಲಿಂದ ಬಂತು ಈ ಸಂಖ್ಯೆ? ಒಮ್ಮೆ ಕಡು ಹಳದಿ ಸೀರಮ್‌ಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) 19 ಎಂದು ಬಂತು. ಹೇಗೆ?
— ಹುಬ್ಬಳ್ಳಿಯ ವಿದ್ಯಾರ್ಥಿನಿ

ಉತ್ತರ: ಈ ಪರೀಕ್ಷೆ ಕಿಣ್ವವನ್ನು ತೂಗುವುದಿಲ್ಲ, ಅದರ ಕೆಲಸದ ವೇಗವನ್ನು ಅಳೆಯುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಿಕ್ಕದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಕಿಟ್‌ನ ದ್ರಾವಣವಾದ ರಿಯೇಜೆಂಟಿನಲ್ಲಿ ಅಲನಿನ್ ಮತ್ತು ಆಕ್ಸೋಗ್ಲುಟರೇಟ್ ಇರುತ್ತವೆ. ಸೀರಮ್‌ನಲ್ಲಿರುವ ಎಸ್‌ಜಿಪಿಟಿ ಅವೆರಡರಿಂದ ಪೈರುವೇಟ್ ಮತ್ತು ಗ್ಲುಟಮೇಟ್ ಮಾಡುತ್ತದೆ. ಪೈರುವೇಟ್ ನಮ್ಮ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಕಿಟ್‌ನಲ್ಲಿ ಎಲ್‌ಡಿಎಚ್ ಎಂಬ ಇನ್ನೊಂದು ಕಿಣ್ವವನ್ನೂ ಎನ್‌ಎಡಿಎಚ್ ಎಂಬ ವಸ್ತುವನ್ನೂ ಸೇರಿಸಿರುತ್ತಾರೆ. ಎಲ್‌ಡಿಎಚ್ ಪೈರುವೇಟನ್ನು ಲ್ಯಾಕ್ಟೇಟ್ ಮಾಡುವಾಗ ಎನ್‌ಎಡಿಎಚ್ ಖರ್ಚಾಗುತ್ತದೆ. ಎನ್‌ಎಡಿಎಚ್ 340 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ, ಖರ್ಚಾದ ಮೇಲೆ ಹೀರುವುದಿಲ್ಲ. ಹೀಗಾಗಿ ಅಬ್ಸಾರ್ಬೆನ್ಸ್, ಅಂದರೆ ಬೆಳಕು ಹೀರುವ ಪ್ರಮಾಣ, ನಿಮಿಷಕ್ಕೆ ಎಷ್ಟು ಇಳಿಯಿತು ಎಂಬುದೇ ಎಸ್‌ಜಿಪಿಟಿಯ ವೇಗ.

1768ರ ಲೆಕ್ಕ ಹೀಗೆ. 1000 ಮೈಕ್ರೋಲೀಟರ್ ರಿಯೇಜೆಂಟಿಗೆ 100 ಮೈಕ್ರೋಲೀಟರ್ ಸೀರಮ್ ಹಾಕಿದಾಗ ಒಟ್ಟು 1100. ಅಂದರೆ ಸೀರಮ್ 11 ಪಟ್ಟು ತೆಳುವಾಯಿತು. 1 ಸೆಂ.ಮೀ. ಕ್ಯೂವೆಟ್‌ನಲ್ಲಿ (ಬೆಳಕು ಹಾಯಿಸುವ ಪುಟ್ಟ ಪಾತ್ರೆ) ಲೀಟರಿಗೆ 1 ಮಿಲಿಮೋಲ್ ಎನ್‌ಎಡಿಎಚ್‌ನ ಅಬ್ಸಾರ್ಬೆನ್ಸ್ 6.22. 11ನ್ನು 6.22ರಿಂದ ಭಾಗಿಸಿ, ಮಿಲಿಯನ್ನು ಮೈಕ್ರೋ ಮಾಡಲು 1000ದಿಂದ ಗುಣಿಸಿ: 1768. ನಿಮಿಷಕ್ಕೆ 0.025 ಇಳಿದರೆ 44 ಯೂನಿಟ್. ಒಂದು ಯೂನಿಟ್ ಅಂದರೆ ನಿಮಿಷಕ್ಕೆ 1 ಮೈಕ್ರೋಮೋಲ್. ಕಿಟ್ ಉಳಿಸಲೆಂದು 500 ಮೈಕ್ರೋಲೀಟರ್ ರಿಯೇಜೆಂಟಿಗೆ 50 ಸೀರಮ್ ಹಾಕಿದರೂ ಪ್ರಮಾಣ ಅದೇ, ಫ್ಯಾಕ್ಟರ್ ಬದಲಾಗದು. 500ಕ್ಕೆ 100 ಹಾಕಿಬಿಟ್ಟರೆ ಮಾತ್ರ ರಿಪೋರ್ಟ್ ಹೆಚ್ಚುಕಡಿಮೆ ಎರಡು ಪಟ್ಟು ತಪ್ಪುತ್ತದೆ.

ಬೆರೆಸಿದ ಮೇಲೆ 60 ಸೆಕೆಂಡ್ ಕಾಯುವುದನ್ನು ಶಾಸ್ತ್ರಕ್ಕೆ ಎಂದುಕೊಳ್ಳಬೇಡಿ. ರೋಗಿಯ ಸೀರಮ್‌ನಲ್ಲಿ ಮೊದಲೇ ಇದ್ದ ಪೈರುವೇಟ್ ಆ ಹೊತ್ತಿನಲ್ಲಿ ಮುಗಿಯಬೇಕು. ಕಾಯದಿದ್ದರೆ ಅದೂ ಎಸ್‌ಜಿಪಿಟಿಯ ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ಒಂದೊಂದು ನಿಮಿಷಕ್ಕೆ ಮೂರು ಬಾರಿ ಓದಿ. ಮೂರೂ ಇಳಿಕೆಗಳು ಹೆಚ್ಚುಕಡಿಮೆ ಸಮ ಇರಬೇಕು. ಕ್ಯೂವೆಟ್ 37 ಡಿಗ್ರಿಯಲ್ಲೇ ಇರಲಿ. ಫ್ರಿಜ್ಜಿನಿಂದ ತೆಗೆದ ರಿಯೇಜೆಂಟನ್ನು ಹಾಗೇ ಬಳಸಿದರೆ ಒಂದೊಂದು ಡಿಗ್ರಿಗೂ ಶೇ 5ರಿಂದ 10ರಷ್ಟು ಉತ್ತರ ಕುಗ್ಗುತ್ತದೆ.

ಇನ್ನು ಆ 19. ಕಾಮಾಲೆಯ ತೀವ್ರ ಹಂತದಲ್ಲಿ ಎಸ್‌ಜಿಪಿಟಿ 2000, 3000 ಇರಬಹುದು. ಅಷ್ಟು ಕಿಣ್ವ ಇದ್ದಾಗ ಕಾಯುವ 60 ಸೆಕೆಂಡಿನೊಳಗೇ ಎನ್‌ಎಡಿಎಚ್ ಪೂರ್ತಿ ಖಾಲಿ. ನೀವು ಓದಲು ಶುರುಮಾಡುವಾಗ ಇಳಿಯಲು ಏನೂ ಉಳಿದಿರುವುದಿಲ್ಲ, ಯಂತ್ರ ‘19’ ಎನ್ನುತ್ತದೆ. ಗುರುತು ಹಿಡಿಯುವುದು ಸುಲಭ: ಮೊದಲ ಓದಿನಲ್ಲೇ ಅಬ್ಸಾರ್ಬೆನ್ಸ್ ಬ್ಲ್ಯಾಂಕಿಗಿಂತ (ಸೀರಮ್ ಹಾಕದ ರಿಯೇಜೆಂಟಿನ ಓದು) ತೀರಾ ಕೆಳಗಿರುತ್ತದೆ. ಆಗ 100 ಮೈಕ್ರೋಲೀಟರ್ ಸೀರಮ್‌ಗೆ 900 ಸಲೈನ್ ಬೆರೆಸಿ ಮತ್ತೆ ನಡೆಸಿ, ಉತ್ತರವನ್ನು 10ರಿಂದ ಗುಣಿಸಿ. ಸಾಲದಿದ್ದರೆ ಇನ್ನೂ ತೆಳುಮಾಡಿ. ಅನೇಕ ಕಿಟ್‌ಗಳ ಕಾಗದದಲ್ಲಿ ನಿಮಿಷದ ಇಳಿಕೆ 0.16 ದಾಟಿದರೆ ತೆಳುಮಾಡಲು ಹೇಳಿರುತ್ತದೆ. ಹಳದಿ ಸೀರಮ್, ನಾರ್ಮಲ್ ಎಸ್‌ಜಿಪಿಟಿ ಎರಡೂ ಒಟ್ಟಿಗೆ ಕಂಡಾಗ ಸಹಿ ಹಾಕುವ ಮುನ್ನ ಒಮ್ಮೆ ಈ ಪರೀಕ್ಷೆ ಮಾಡಿಯೇ ತೀರಬೇಕು. ಇಲ್ಲಿ ತಪ್ಪಿದರೆ ರೋಗಿಗೆ ಬಹಳ ದುಬಾರಿ.

ರಿಯೇಜೆಂಟ್ ಹಳತಾದರೂ ಎನ್‌ಎಡಿಎಚ್ ತಾನಾಗಿ ಕೆಡುತ್ತದೆ. ದಿನಾ ಬೆಳಗ್ಗೆ ಬ್ಲ್ಯಾಂಕ್ ನೋಡಿ, ಕಿಟ್ ಹೇಳಿದ ಮಿತಿಗಿಂತ ಕೆಳಗಿದ್ದರೆ ಬಿಸಾಡಿ.

ಪ್ರಶ್ನೆ: ಮೂರು ದಿನದ ಅಂತರದಲ್ಲಿ ಎರಡು ಲ್ಯಾಬ್‌ಗಳಲ್ಲಿ ಎಸ್‌ಜಿಪಿಟಿ 62 ಮತ್ತು 48 ಬಂತು. ಯಾವುದು ಸರಿ? ಖಾಲಿ ಹೊಟ್ಟೆಯಲ್ಲಿ ಕೊಡಬೇಕಿತ್ತೇ?
— ಹಾಸನದ ಗೃಹಿಣಿ

ಉತ್ತರ: ಎರಡೂ ಸರಿ ಇರಬಹುದು. ಒಬ್ಬರ ದೇಹದಲ್ಲೇ ಎಸ್‌ಜಿಪಿಟಿ ದಿನದಿಂದ ದಿನಕ್ಕೆ, ಬೆಳಗಿನಿಂದ ಮಧ್ಯಾಹ್ನಕ್ಕೆ ಕಾಲು ಭಾಗದಷ್ಟು ಏರುಪೇರಾಗುತ್ತದೆ. ಅದರ ಮೇಲೆ ಕಿಟ್‌ಗಳ ವ್ಯತ್ಯಾಸ. ಈ ಕಿಣ್ವ ಕೆಲಸ ಮಾಡಲು ಬಿ6 ಜೀವಸತ್ವದ ಒಂದು ರೂಪ ಬೇಕು. ಕೆಲವು ಕಿಟ್‌ಗಳಲ್ಲಿ ಅದನ್ನು ಸೇರಿಸಿರುತ್ತಾರೆ, ಹಲವದರಲ್ಲಿ ಇರುವುದಿಲ್ಲ. ಬಿ6 ಕೊರತೆ ಇರುವವರ, ಡಯಾಲಿಸಿಸ್ ಮಾಡಿಸಿಕೊಳ್ಳುವವರ ಅಂಕಿ ಎರಡನೆಯ ಬಗೆಯ ಕಿಟ್‌ನಲ್ಲಿ ಇರುವುದಕ್ಕಿಂತ ಕಡಿಮೆ ಬರುತ್ತದೆ. ಅಂಕಿ ದುಪ್ಪಟ್ಟಾದರೆ, ಅರ್ಧವಾದರೆ, ಇಲ್ಲವೇ ಸತತ ಮೂರು ಬಾರಿ ಒಂದೇ ದಿಕ್ಕಿಗೆ ಸರಿದರೆ ಮಾತ್ರ ಅದನ್ನು ನಿಜವಾದ ಬದಲಾವಣೆ ಎಂದುಕೊಳ್ಳಿ. ಪ್ರತಿ ಬಾರಿಯೂ ಒಂದೇ ಲ್ಯಾಬ್, ಸುಮಾರು ಒಂದೇ ಹೊತ್ತು.

ಎಸ್‌ಜಿಪಿಟಿ, ಎಸ್‌ಜಿಒಟಿಗೆ ಉಪವಾಸ ಬೇಕಿಲ್ಲ. ಸಕ್ಕರೆ, ಕೊಲೆಸ್ಟರಾಲ್ ಜೊತೆಗಿದ್ದರೆ ಅವುಗಳ ಸಲುವಾಗಿ ಬೇಕಾಗಬಹುದು.

ರಕ್ತ ತೆಗೆಯುವಲ್ಲಿ ಆಗುವ ತಪ್ಪುಗಳೇ ಯಂತ್ರದ ತಪ್ಪಿಗಿಂತ ಹೆಚ್ಚು. ತೋಳಿಗೆ ಕಟ್ಟಿದ ಪಟ್ಟಿ ಒಂದು ನಿಮಿಷ ದಾಟಬಾರದು. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ, ಟ್ಯೂಬನ್ನು ಕುಲುಕಿದರೆ ಕೆಂಪು ರಕ್ತಕಣ ಒಡೆಯುತ್ತವೆ. ಅವುಗಳೊಳಗೆ ಎಸ್‌ಜಿಒಟಿ ಧಾರಾಳವಾಗಿದೆ, ಎಸ್‌ಜಿಪಿಟಿ ಕಡಿಮೆ. ಆದ್ದರಿಂದ ಎಸ್‌ಜಿಒಟಿ, ಪೊಟ್ಯಾಶಿಯಂ, ಎಲ್‌ಡಿಎಚ್ ಮೂರೂ ಒಟ್ಟಿಗೆ ಏರಿದ್ದರೆ ರೋಗಕ್ಕಿಂತ ಮೊದಲು ಸ್ಯಾಂಪಲ್ಲನ್ನೇ ಶಂಕಿಸಬೇಕು. ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಅರ್ಧ ಗಂಟೆ ಹೆಪ್ಪುಗಟ್ಟಲಿ, ಎರಡು ಗಂಟೆಯೊಳಗೆ ಸೀರಮ್ ಬೇರೆಯಾಗಲಿ. ಮನೆಗೆ ಬಂದು ರಕ್ತ ತೆಗೆಯುವವರ ಚೀಲದಲ್ಲಿ ಟ್ಯೂಬು ಬೇಸಿಗೆಯ ಬಿಸಿಯಲ್ಲಿ ಅರ್ಧ ದಿನ ಸುತ್ತಿದರೆ ಯಾವ ಒಳ್ಳೆಯ ಯಂತ್ರವೂ ಅದನ್ನು ಸರಿಪಡಿಸಲಾರದು. ಟ್ಯೂಬು ಎಷ್ಟು ಹೊತ್ತಿಗೆ ಲ್ಯಾಬ್ ಸೇರುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ.

ಪ್ರಶ್ನೆ: 26 ವರ್ಷ, ಹೊಸದಾಗಿ ಜಿಮ್ ಸೇರಿದ್ದೇನೆ. ಎಸ್‌ಜಿಒಟಿ 410, ಎಸ್‌ಜಿಪಿಟಿ 118. ಬಿಲಿರುಬಿನ್ ನಾರ್ಮಲ್, ಎಎಲ್‌ಪಿ, ಜಿಜಿಟಿ ಎಂಬ ಇನ್ನೆರಡು ಕಿಣ್ವಗಳೂ ನಾರ್ಮಲ್. ಪ್ರೋಟೀನ್ ಪೌಡರಿನಿಂದ ಲಿವರ್ ಹಾಳಾಯಿತೇ?
— ಬೆಂಗಳೂರಿನ ಓದುಗ

ಉತ್ತರ: ಸಿಕೆ ಅಥವಾ ಸಿಪಿಕೆ ಎಂಬ ಸ್ನಾಯುವಿನ ಕಿಣ್ವವನ್ನು ನೋಡಿಸಿ, ಇವತ್ತೇ. ಎಸ್‌ಜಿಒಟಿ ಲಿವರಿನ ಸ್ವಂತ ಆಸ್ತಿಯಲ್ಲ. ಸ್ನಾಯುವಿನಲ್ಲೂ ಹೃದಯದಲ್ಲೂ ತುಂಬಿದೆ. ಈ ಕಿಣ್ವ ವೈದ್ಯಲೋಕದಲ್ಲಿ ಹೆಸರು ಮಾಡಿದ್ದೇ ಹೃದಯಾಘಾತದ ಗುರುತಾಗಿ, 1954ರಲ್ಲಿ. ಇಂದು ಆ ಕೆಲಸಕ್ಕೆ ಟ್ರೋಪೋನಿನ್ ಬಂದಿದೆ. ರೂಢಿಯಿಲ್ಲದ ದೇಹಕ್ಕೆ ಒಮ್ಮೆಲೇ ಭಾರ ಎತ್ತಿಸಿದರೆ ಸ್ನಾಯುವಿನ ಎಳೆಗಳು ಹರಿದು ಎಸ್‌ಜಿಒಟಿ ಹೆಚ್ಚಾಗಿ, ಎಸ್‌ಜಿಪಿಟಿ ಸ್ವಲ್ಪವಾಗಿ ಏರುತ್ತವೆ. ಒಂದು ವಾರವಾದರೂ ಹಾಗೇ ಇರಬಹುದು. ಜಿಜಿಟಿ ಸ್ನಾಯುವಿನಿಂದ ಬರುವುದಿಲ್ಲ. ನಿಮ್ಮದು ನಾರ್ಮಲ್ ಇರುವುದರಿಂದ ಸ್ನಾಯುವಿನ ಮೇಲೆಯೇ ಅನುಮಾನ ಹೆಚ್ಚು.

ಸಿಕೆ 5000 ದಾಟಿದ್ದರೆ, ಅಥವಾ ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಸ್ನಾಯುವಿನ ಮಯೋಗ್ಲೋಬಿನ್ ಮೂತ್ರಪಿಂಡವನ್ನು ಕೆಡಿಸುತ್ತದೆ. ಕ್ರಿಯಾಟಿನಿನ್, ಪೊಟ್ಯಾಶಿಯಂ ನೋಡಿ ಡ್ರಿಪ್ ಕೊಡುತ್ತಾರೆ. ಅಷ್ಟಿಲ್ಲದಿದ್ದರೆ 10 ದಿನ ವ್ಯಾಯಾಮ ನಿಲ್ಲಿಸಿ ಸಿಕೆ, ಎಸ್‌ಜಿಒಟಿ, ಎಸ್‌ಜಿಪಿಟಿ ಮೂರನ್ನೂ ಮತ್ತೆ ಮಾಡಿಸಿ. ಪೌಡರಿನ ಡಬ್ಬವನ್ನೂ ವೈದ್ಯರಿಗೆ ತೋರಿಸಿ. ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು.

ಇದೇ ಕಾರಣಕ್ಕೆ ತಾಯಂದಿರಿಗೂ ಒಂದು ಮಾತು. ನಾಲ್ಕೈದು ವರ್ಷದ ಗಂಡುಮಗು ಪದೇಪದೇ ಬೀಳುತ್ತಾನೆ, ನೆಲದಿಂದ ಏಳುವಾಗ ತೊಡೆಗೆ ಕೈ ಊರುತ್ತಾನೆ, ಎಸ್‌ಜಿಪಿಟಿ 200-300 ಇದೆ ಎಂದಾದರೆ ಲಿವರ್ ಬಯಾಪ್ಸಿಗೆ ಮೊದಲು ಸಿಕೆ ಮಾಡಿಸಿ. ಡುಶೆನ್ ಎಂಬ ಸ್ನಾಯುರೋಗ ಹೀಗೆ ಲಿವರ್ ಕಾಯಿಲೆಯ ವೇಷದಲ್ಲಿ ಬರುತ್ತದೆ.

ಪ್ರಶ್ನೆ: ತಂದೆಗೆ 58. ಇಪ್ಪತ್ತು ವರ್ಷ ಕುಡಿದವರು. ಕಳೆದ ವರ್ಷ ಎಸ್‌ಜಿಒಟಿ 142, ಎಸ್‌ಜಿಪಿಟಿ 58 ಇತ್ತು. ಈಗ 44 ಮತ್ತು 31. ಪ್ಲೇಟ್‌ಲೆಟ್ 82 ಸಾವಿರ, ಆಲ್ಬುಮಿನ್ 2.6, ಐಎನ್‌ಆರ್ 1.7. ಕಾಲು ಊದಿಕೊಂಡಿದೆ, ಹೊಟ್ಟೆ ಉಬ್ಬಿದೆ. ‘ಎಂಜೈಮ್ ನಾರ್ಮಲ್ ಆಯ್ತಲ್ಲ’ ಎಂದು ಮತ್ತೆ ಸ್ವಲ್ಪ ಸ್ವಲ್ಪ ಶುರುಮಾಡಿದ್ದಾರೆ.
— ಚಿಕ್ಕಮಗಳೂರಿನ ಓದುಗರು

ಉತ್ತರ: ಅವರಿಗೆ ಈ ಉತ್ತರವನ್ನು ಓದಿ ಹೇಳಿ. ಕಿಣ್ವ ಇಳಿದದ್ದು ಗುಣವಾದದ್ದಕ್ಕಲ್ಲ. ಸೋರಲು ಬೇಕಾದ ಜೀವಕೋಶಗಳೇ ಕಡಿಮೆಯಾಗಿ, ಆ ಜಾಗದಲ್ಲಿ ನಾರು ಬೆಳೆದಾಗಲೂ ಅಂಕಿ ಹೀಗೆ ಶಾಂತವಾಗುತ್ತದೆ. ಅವರ ಫಿಬ್-4 ಲೆಕ್ಕ ಹಾಕಿದರೆ 5.6 ಬರುತ್ತದೆ, 2.67ರ ಎರಡು ಪಟ್ಟಿಗೂ ಹೆಚ್ಚು. ಆಲ್ಬುಮಿನ್ ತಯಾರಿಸುವುದು ಲಿವರ್, ಅದು 2.6ಕ್ಕೆ ಕುಸಿದಿದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ಲಿವರೇ ಮಾಡಬೇಕು, ಅವು ಸಾಲದೆ ಐಎನ್‌ಆರ್ 1.7 ಆಗಿದೆ. ಗುಲ್ಮ ಹಿಗ್ಗಿ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಂಡಿರುವ ಸಂಭವ ಹೆಚ್ಚು. ಇವೆಲ್ಲ ಸಿರೋಸಿಸ್‌ನ, ಅಂದರೆ ನಾರು ತುಂಬಿ ಲಿವರ್ ಗಟ್ಟಿಯಾಗುವ ಕಾಯಿಲೆಯ ಲಕ್ಷಣಗಳು.

ಕಳೆದ ವರ್ಷದ ರಿಪೋರ್ಟೇ ಕುಡಿತದ ಕಥೆ ಹೇಳುತ್ತಿತ್ತು. ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟು ದಾಟಿದೆ, ಆದರೂ 300ರೊಳಗಿದೆ. ಮದ್ಯದ ಹಾನಿಯ ಮಾದರಿ ಇದು. ಎಸ್‌ಜಿಒಟಿಯ ಹೆಚ್ಚಿನ ಪಾಲು ಕೋಶದೊಳಗಿನ ಮೈಟೋಕಾಂಡ್ರಿಯಾದಲ್ಲಿದೆ, ಮದ್ಯ ಹೊಡೆಯುವುದು ಅಲ್ಲಿಗೇ. ಜೊತೆಗೆ ಕುಡಿಯುವವರಲ್ಲಿ ಬಿ6 ಕೊರತೆಯಿಂದ ಎಸ್‌ಜಿಪಿಟಿ ತಗ್ಗುತ್ತದೆ. ಈ ಎರಡರ ಅನುಪಾತಕ್ಕೆ ಇಟಲಿಯ ಡೆ ರಿಟಿಸ್ ಅವರ ಹೆಸರಿದೆ.

ಈಗ ಮಾಡಬೇಕಾದ್ದು: ಈ ವಾರವೇ ಗ್ಯಾಸ್ಟ್ರೋಎಂಟರಾಲಜಿಸ್ಟ್. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿವೆಯೇ ಎಂದು ಎಂಡೋಸ್ಕೋಪಿಯಲ್ಲಿ ನೋಡುತ್ತಾರೆ. ಕ್ಯಾನ್ಸರ್ ಪತ್ತೆಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಬೇಕು. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಡಬೇಕು. ಬೇಳೆ, ಮೊಟ್ಟೆ, ಮೊಸರು ನಿಲ್ಲಿಸಬೇಡಿ. ಲಿವರ್ ರೋಗಿಗೆ ಪ್ರೋಟೀನ್ ಕೊಡಬಾರದೆಂಬುದು ತಪ್ಪು ನಂಬಿಕೆ, ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಬೇಕು. ಮಲಗುವ ಮುನ್ನ ಏನಾದರೂ ತಿನ್ನಲಿ. ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡಲೇಬೇಡಿ. ಮಲ ಟಾರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಹಗಲೆಲ್ಲ ತೂಕಡಿಸಿ ರಾತ್ರಿ ಎದ್ದು ತೊದಲಿದರೆ ತಡಮಾಡದೆ ಆಸ್ಪತ್ರೆ.

ಮದ್ಯ ಪೂರ್ತಿ ನಿಲ್ಲಬೇಕು. ದಿನವೂ ಹೆಚ್ಚು ಕುಡಿಯುವವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಆದ್ದರಿಂದ ವೈದ್ಯರ ಕಣ್ಗಾವಲಿನಲ್ಲಿ ನಿಲ್ಲಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಈ ಹಂತದಲ್ಲೂ ಕುಡಿತ ಬಿಟ್ಟವರು ಚೇತರಿಸಿಕೊಳ್ಳುತ್ತಾರೆ, ಕೈಚೆಲ್ಲಬೇಡಿ.

ಪ್ರಶ್ನೆ: ತಮ್ಮನಿಗೆ ಕಾಮಾಲೆ ಬಂದಿತ್ತು. ಎಸ್‌ಜಿಪಿಟಿ ಐದು ದಿನದಲ್ಲಿ 2860ರಿಂದ 540ಕ್ಕೆ ಇಳಿಯಿತು, ಆದರೆ ಬಿಲಿರುಬಿನ್ 6ರಿಂದ 11ಕ್ಕೆ ಏರಿತು. ಈಗ ಹುಷಾರಾಗಿದ್ದಾನೆ. ನೆಲನೆಲ್ಲಿ ಕೊಟ್ಟಿದ್ದರಿಂದ ಇಳಿಯಿತೇ? ಬಿಲಿರುಬಿನ್ ಏಕೆ ಏರಿತು?
— ಸಾಗರದ ಓದುಗರು

ಉತ್ತರ: ಎಸ್‌ಜಿಪಿಟಿ ರಕ್ತದಲ್ಲಿ ಸುಮಾರು 47 ಗಂಟೆಗೆ ಅರ್ಧದಷ್ಟಾಗುತ್ತದೆ. ಹೊಸ ಸೋರಿಕೆ ನಿಂತರೆ 2860 ಎರಡು ದಿನಕ್ಕೆ 1430, ನಾಲ್ಕು ದಿನಕ್ಕೆ 700, ಐದನೆಯ ದಿನ 500ರ ಆಸುಪಾಸು. ನಿಮ್ಮ ತಮ್ಮನ ಇಳಿಕೆ ಹೆಚ್ಚುಕಡಿಮೆ ಈ ಲೆಕ್ಕದಂತೆಯೇ ನಡೆದಿದೆ. ವೈರಸ್‌ನ ದಾಳಿ ತಾನಾಗಿ ಮುಗಿದಿತ್ತು. ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ಯಾವ ಔಷಧವೂ ಇಲ್ಲದೆ ವಾಸಿಯಾಗುತ್ತವೆ. ಆ ಕೀರ್ತಿ ಆಗ ಕೊಟ್ಟ ಔಷಧಕ್ಕೆ ಹೋಗುತ್ತದೆ. ಬಿಲಿರುಬಿನ್ ಕಿಣ್ವಕ್ಕಿಂತ ಹಿಂದುಳಿಯುತ್ತದೆ. ಅದರ ಒಂದು ಪಾಲು ಆಲ್ಬುಮಿನ್‌ಗೆ ಅಂಟಿಕೊಂಡು ಎರಡು-ಮೂರು ವಾರ ರಕ್ತದಲ್ಲೇ ಉಳಿಯುತ್ತದೆ. ಹಸಿವು ಮರಳಿದ ಮೇಲೂ ಕಣ್ಣು ಹಳದಿ ಉಳಿಯುವುದು ಅದಕ್ಕೇ.

ಆದರೆ ಇದೇ ಚಿತ್ರಕ್ಕೆ ಭಯಂಕರವಾದ ಇನ್ನೊಂದು ಅರ್ಥವೂ ಇದೆ. ಲಿವರಿನ ಬಹುಭಾಗ ಸತ್ತಾಗಲೂ ಎಸ್‌ಜಿಪಿಟಿ ದಿಢೀರನೆ ಇಳಿದು ಬಿಲಿರುಬಿನ್ ಏರುತ್ತದೆ. ಎರಡನ್ನೂ ಬೇರೆ ಮಾಡುವುದು ಐಎನ್‌ಆರ್ ಮತ್ತು ರೋಗಿಯ ಎಚ್ಚರ. ಐಎನ್‌ಆರ್ 1.5 ದಾಟಿ, ಮಾತು ಅಡ್ಡಾದಿಡ್ಡಿಯಾದರೆ ಲಿವರ್ ಕಸಿ ಸೌಲಭ್ಯವಿರುವ ಆಸ್ಪತ್ರೆಗೆ ಅಂದೇ ಸಾಗಿಸಬೇಕು. ಕಾಮಾಲೆಯಲ್ಲಿ ಎಸ್‌ಜಿಪಿಟಿ ದಿನಾ ಮಾಡಿಸುವ ದುಡ್ಡನ್ನು ಪಿಟಿ-ಐಎನ್‌ಆರ್‌ಗೆ ಹಾಕಿದರೆ ಹೆಚ್ಚು ಪ್ರಯೋಜನ. ಗರ್ಭಿಣಿಗೆ ಕಾಮಾಲೆ ಬಂದರೆ ಒಂದು ದಿನವೂ ಕಾಯಬೇಡಿ, ಹೆಪಟೈಟಿಸ್ ಇ ಅವರಲ್ಲಿ ಜೀವಕ್ಕೇ ಎರವಾಗಬಹುದು. ಕೈಗೆ ಬರೆ ಹಾಕಿಸುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದರಿಂದ ಸಿಗುವುದು ಗಾಯ, ಸೋಂಕು ಮತ್ತು ಕಳೆದುಹೋದ ಎರಡು ದಿನ.

ಪ್ರಶ್ನೆ: ಅಮ್ಮನಿಗೆ 46, ಟಿಬಿ ಮಾತ್ರೆ ಶುರುವಾಗಿ ಮೂರು ವಾರ. ಎಸ್‌ಜಿಪಿಟಿ 22 ಇದ್ದದ್ದು 96 ಆಗಿದೆ. ವಾಂತಿ, ಕಾಮಾಲೆ ಇಲ್ಲ. ಮಾತ್ರೆ ನಿಲ್ಲಿಸಲೇ? ಲಿವರ್‌ಗೆ ಒಳ್ಳೆಯದೆಂದು ಅಮೃತಬಳ್ಳಿ ಕಷಾಯ ಕೊಡುತ್ತಿದ್ದೇವೆ.
— ರಾಯಚೂರಿನ ಓದುಗರು

ಉತ್ತರ: ಮಾತ್ರೆ ನಿಲ್ಲಿಸಬೇಡಿ, ಕಷಾಯ ನಿಲ್ಲಿಸಿ.

ಐಸೋನಿಯಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರನ್ನು ಕಾಡಬಲ್ಲವು. ಎಥಾಂಬುಟಾಲ್ ಆ ಗುಂಪಿನದ್ದಲ್ಲ. ಚಿಕಿತ್ಸೆಯ ಮೊದಲ ವಾರಗಳಲ್ಲಿ ಸಣ್ಣ ಏರಿಕೆ ಸಾಮಾನ್ಯ. ಹೆಚ್ಚಿನವರಲ್ಲಿ ಲಿವರ್ ಹೊಂದಿಕೊಂಡು ತಾನಾಗಿ ಇಳಿಯುತ್ತದೆ. ಮಾತ್ರೆ ನಿಲ್ಲಿಸಲು ವೈದ್ಯರು ಅನುಸರಿಸುವ ಗೆರೆ ಇದು: ಲಕ್ಷಣಗಳಿದ್ದರೆ ಮೇಲ್ಮಿತಿಯ 3 ಪಟ್ಟು, ಇಲ್ಲದಿದ್ದರೆ 5 ಪಟ್ಟು. ಮೇಲ್ಮಿತಿ 40 ಎಂದುಕೊಂಡರೆ 120 ಮತ್ತು 200. ಅಮ್ಮನ 96 ಎರಡಕ್ಕೂ ಒಳಗಿದೆ. ವೈದ್ಯರಿಗೆ ತಿಳಿಸಿ, ವಾರಕ್ಕೊಮ್ಮೆ ಪರೀಕ್ಷೆ ಮುಂದುವರಿಸಿ. ಊಟ ಸೇರದಿರುವುದು, ವಾಂತಿ, ಮೂತ್ರ ಕಡು ಹಳದಿಯಾಗುವುದು ಕಂಡರೆ ಮುಂದಿನ ಡೋಸ್ ನುಂಗುವ ಮುನ್ನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ನಿಲ್ಲಿಸಬೇಕಾಗಿ ಬಂದರೆ ಲಿವರನ್ನು ಕಾಡುವ ಮೂರನ್ನೂ ಒಟ್ಟಿಗೆ ನಿಲ್ಲಿಸಿ, ಅಂಕಿ ಮೇಲ್ಮಿತಿಯ ಎರಡು ಪಟ್ಟಿಗಿಂತ ಕೆಳಗಿಳಿದ ಮೇಲೆ ಒಂದೊಂದಾಗಿ ಮತ್ತೆ ಸೇರಿಸುತ್ತಾರೆ. ‘ಕಾಡುವುದನ್ನು ಬಿಟ್ಟು ಉಳಿದದ್ದು ತಗೊಳ್ತೀನಿ’ ಎಂದು ನೀವೇ ಒಂದು ಮಾತ್ರೆ ಮಾತ್ರ ಉಳಿಸಿಕೊಂಡರೆ ಟಿಬಿ ಆ ಔಷಧಕ್ಕೆ ಬಗ್ಗದಂತಾಗುತ್ತದೆ.

ಅಮೃತಬಳ್ಳಿಯ ಬಗ್ಗೆ: ಅದನ್ನು ಸೇವಿಸಿದ 6 ಮಂದಿಯಲ್ಲಿ ಲಿವರ್ ಉರಿಯೂತ ಕಂಡದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಲಿವರಿನ ಮೇಲೆ ಮೂರು ಔಷಧದ ಹೊರೆ ಇರುವಾಗ ನಾಲ್ಕನೆಯದನ್ನು ಸೇರಿಸಿದರೆ ನಾಳೆ ಅಂಕಿ ಏರಿದಾಗ ಕಾರಣ ಯಾವುದೆಂದು ಯಾರೂ ಹೇಳಲಾರರು.

ಪ್ರಶ್ನೆ: 13 ವರ್ಷದ ಮಗನ ಎಎಲ್‌ಪಿ 380. ರೇಂಜ್ 40ರಿಂದ 130 ಎಂದಿದೆ. ಉಳಿದದ್ದೆಲ್ಲ ಸರಿ.
— ಉಡುಪಿಯ ತಾಯಿ

ಉತ್ತರ: ಲ್ಯಾಬ್‌ನವರು ದೊಡ್ಡವರ ರೇಂಜನ್ನು ಮುದ್ರಿಸಿದ್ದಾರೆ. ಎಎಲ್‌ಪಿ ಲಿವರಿನಲ್ಲಷ್ಟೇ ಅಲ್ಲ, ಬೆಳೆಯುವ ಮೂಳೆಯಲ್ಲೂ ಇದೆ. ಮಗ ಎತ್ತರ ಬೆಳೆಯುತ್ತಿದ್ದಾನೆ, ಅಷ್ಟೇ. ಜಿಜಿಟಿ ನಾರ್ಮಲ್ ಇದ್ದರೆ ಮೂಲ ಲಿವರಲ್ಲ ಎಂದು ಬಹುಮಟ್ಟಿಗೆ ಖಚಿತ. ಕಾಲು ಬಾಗಿದ್ದರೆ, ಮೂಳೆ ನೋವಿದ್ದರೆ ಮಾತ್ರ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ನೋಡಿಸಿ. ಗರ್ಭಿಣಿಯರಲ್ಲಿ ಕೊನೆಯ ಮೂರು ತಿಂಗಳು ಮಾಸುವಿನಿಂದ ಎಎಲ್‌ಪಿ ಏರುವುದೂ ಸಹಜವೇ.

ಪ್ರಶ್ನೆ: ಟೊಮೆಟೊ ತೋಟಕ್ಕೆ ಔಷಧಿ ಹೊಡೆಯುವ ಕೆಲಸ. ತಲೆನೋವು ಇರುತ್ತದೆಂದು ಕೊಲಿನೆಸ್ಟರೇಸ್ ಪರೀಕ್ಷೆ ಮಾಡಿಸಿದೆ. 5600 ಬಂತು, ರೇಂಜ್ 5300ರಿಂದ 12900. ನಾರ್ಮಲ್ ಅಂದರು. ನಿಶ್ಚಿಂತೆಯಿಂದ ಇರಬಹುದೇ?
— ಕೋಲಾರದ ರೈತರು

ಉತ್ತರ: ಇರುವಂತಿಲ್ಲ. ಮೇಲಿನ ಕಿಣ್ವಗಳೆಲ್ಲ ಏರಿದರೆ ಕೇಡು. ಇದು ಇಳಿದರೆ ಕೇಡು. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಡೈಮಿಥೊಯೇಟ್‌ನಂಥ ಆರ್ಗ್ಯಾನೊಫಾಸ್ಫೇಟ್ ಔಷಧಿಗಳು ನರಗಳ ಸಂದೇಶವನ್ನು ಹತೋಟಿಯಲ್ಲಿಡುವ ಕೊಲಿನೆಸ್ಟರೇಸನ್ನು ಕಟ್ಟಿಹಾಕುತ್ತವೆ. ಈ ಕಿಣ್ವದ ಮಟ್ಟ ಒಬ್ಬರಿಂದ ಒಬ್ಬರಿಗೆ ಬಹಳ ಬೇರೆ. ನಿಮ್ಮ ಸಹಜ ಮಟ್ಟ 6000 ಆಗಿದ್ದರೆ 5600 ಏನೂ ಅಲ್ಲ. 11000 ಆಗಿದ್ದರೆ ಅರ್ಧದಷ್ಟು ಆಗಲೇ ಹೋಗಿದೆ, ರಿಪೋರ್ಟ್ ಮಾತ್ರ ನಾರ್ಮಲ್ ಎನ್ನುತ್ತಿದೆ.

ಆದ್ದರಿಂದ ಔಷಧಿ ಹೊಡೆಯದೆ 30 ದಿನ ಕಳೆದ ಮೇಲೆ ಒಮ್ಮೆ ರಕ್ತ ಕೊಟ್ಟು ನಿಮ್ಮ ಸ್ವಂತ ಮಟ್ಟ ತಿಳಿದುಕೊಳ್ಳಿ. ಹಂಗಾಮಿನಲ್ಲಿ ಅದೇ ಲ್ಯಾಬಿನಲ್ಲಿ ಮತ್ತೆ ನೋಡಿಸಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಂಪಡಣೆ ಮಾಡುವವರಿಗೆ ಕಾನೂನೇ ಇದೆ: ಮಟ್ಟ ಸ್ವಂತ ಅಳತೆಯ ಶೇ 80ಕ್ಕಿಂತ ಇಳಿದರೆ ಕೆಲಸದ ರೀತಿಯನ್ನು ಪರಿಶೀಲಿಸಬೇಕು, ಪ್ಲಾಸ್ಮಾದ ಮಟ್ಟ ಶೇ 60ಕ್ಕೆ ಅಥವಾ ಕೆಂಪು ರಕ್ತಕಣದ ಮಟ್ಟ ಶೇ 70ಕ್ಕೆ ಇಳಿದರೆ ಮತ್ತೆ ಶೇ 80ಕ್ಕೆ ಬರುವವರೆಗೆ ಔಷಧಿ ಮುಟ್ಟುವಂತಿಲ್ಲ. ನಮ್ಮ ರೈತರೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಪೈರೆಥ್ರಾಯ್ಡ್, ಇಮಿಡಾಕ್ಲೋಪ್ರಿಡ್ ಬಗೆಯ ಔಷಧಿಗಳ ವಿಷ ಈ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಲಿವರ್ ಕಾಯಿಲೆ, ಬಸಿರು, ಅಪೌಷ್ಟಿಕತೆಯಲ್ಲಿ ಔಷಧಿ ತಾಗದಿದ್ದರೂ ಪ್ಲಾಸ್ಮಾದ ಅಂಕಿ ತಗ್ಗುತ್ತದೆ. ಔಷಧಿ ಹೊಡೆದ ದಿನ ಬೆವರು, ಜೊಲ್ಲು, ಕಣ್ಣು ಮಂಜು, ಎದೆ ಬಿಗಿತ, ಸ್ನಾಯು ಅದುರುವುದು ಕಂಡರೆ ರಿಪೋರ್ಟಿಗಾಗಿ ಯಾರೂ ಕಾಯಬಾರದು. ಅಟ್ರೋಪಿನ್ ಎಂಬ ಪ್ರತಿವಿಷದ ಚಿಕಿತ್ಸೆ ಲಕ್ಷಣ ನೋಡಿಯೇ ಶುರುವಾಗುತ್ತದೆ. ಬಟ್ಟೆ ಕಳಚಿಸಿ, ಸೋಪು ಹಾಕಿ ಮೈ ತೊಳೆಸಿ ಕರೆದೊಯ್ಯಿರಿ, ಹೊಡೆದ ಔಷಧಿಯ ಡಬ್ಬಿಯ ಲೇಬಲನ್ನು ಫೋಟೊ ತೆಗೆದು ಜೊತೆಗಿಟ್ಟುಕೊಳ್ಳಿ.